ಗಂಡಸರ ‘ಆಮೇಲೆ ನೋಡೋಣ’, ಹೆಂಗಸರ ‘ನನಗೇನಾಗಿಲ್ಲ’

ಒಂದೇ ಮನೆ, ಒಂದೇ ಅಡುಗೆ, ಒಂದೇ ನೀರು. ಆದರೂ ಕಾಯಿಲೆ ಬಂದಾಗ ಆ ಮನೆಯ ಗಂಡಸು ಒಂದು ದಾರಿ ಹಿಡಿಯುತ್ತಾನೆ, ಹೆಂಗಸು ಇನ್ನೊಂದು ದಾರಿ ಹಿಡಿಯುತ್ತಾಳೆ. ಎಷ್ಟು ದಿನ ತಡೆದುಕೊಳ್ಳುವುದು? ಯಾರಿಗೆ ಹೇಳುವುದು? ಯಾವ ವೈದ್ಯರ ಬಳಿ ಹೋಗುವುದು? ಹಣ ಯಾರು ಕೊಡುವುದು? ಆಪರೇಷನ್‌ಗೆ ಒಪ್ಪಿಗೆ ಹೇಳುವವರು ಯಾರು? ಈ ಐದು ಪ್ರಶ್ನೆಗಳಿಗೆ ಗಂಡ ಹೆಂಡತಿ ಕೊಡುವ ಉತ್ತರ ಬೇರೆ ಬೇರೆಯಾಗಿರುತ್ತದೆ. ಭೇರ್ಯ, ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ನಮ್ಮ ಕುಟುಂಬಗಳಲ್ಲಿ ಇದು ದಿನವೂ ಕಾಣುವ ಸಂಗತಿ.

ಇಬ್ಬರೂ ತಡವಾಗಿಯೇ ಬರುತ್ತಾರೆ. ಆದರೆ ತಡವಾಗುವ ಕಾರಣ ಬೇರೆ. ಗಂಡಸು ‘ಆಮೇಲೆ ನೋಡೋಣ’ ಎನ್ನುತ್ತಾನೆ. ಹೆಂಗಸು ‘ನನಗೇನಾಗಿಲ್ಲ’ ಎನ್ನುತ್ತಾಳೆ. ಗಂಡಸಿನ ಕೈಯಲ್ಲಿ ತೀರ್ಮಾನವಿದೆ, ಅವನು ಅದನ್ನು ಬಳಸುವುದಿಲ್ಲ. ಹೆಂಗಸಿಗೆ ನೋವಿದೆ, ತೀರ್ಮಾನ ಅವಳ ಕೈಯಲ್ಲಿಲ್ಲ. ಆದ್ದರಿಂದ ಇಬ್ಬರಿಗೂ ಒಂದೇ ಬುದ್ಧಿಮಾತು ಹೇಳಿದರೆ ಪ್ರಯೋಜನವಿಲ್ಲ. ಯಾರಿಗೆ ಏನು ಬೇಕು ಎಂಬುದನ್ನು ಮನೆಯವರು ತಿಳಿದುಕೊಳ್ಳಬೇಕು.

ಯುನಾನಿ ವೈದ್ಯದಲ್ಲಿ ಪ್ರತಿಯೊಬ್ಬರಿಗೂ ಒಂದು ಮಿಜಾಜ್, ಅಂದರೆ ದೇಹಪ್ರಕೃತಿ ಇದೆಯೆಂದು ಹೇಳುತ್ತೇವೆ. ವಯಸ್ಸು, ಲಿಂಗ, ಊರಿನ ಹವೆ, ಮಾಡುವ ಕೆಲಸ ಎಲ್ಲವನ್ನೂ ನೋಡಿ ಔಷಧಿ ನಿರ್ಧರಿಸುತ್ತೇವೆ. ಆದರೆ ಆಸ್ಪತ್ರೆಗೆ ತಡವಾಗಿ ಬರುವುದು ಮಿಜಾಜ್‌ನಿಂದಲ್ಲ, ಮನೆಯ ಅಭ್ಯಾಸದಿಂದ. ಅಭ್ಯಾಸವನ್ನು ಬದಲಿಸಬಹುದು.

ಗಂಡಸರು ಯಾಕೆ ಮುಂದೂಡುತ್ತಾರೆ?

ನಮ್ಮ ಸೀಮೆಯ ಗಂಡಸರ ಲೆಕ್ಕ ಕೆಲಸದ ಲೆಕ್ಕ. ಕೆ.ಆರ್. ನಗರದ ಕಡೆ ಭತ್ತದ ನಾಟಿ ಮುಗಿಯಲಿ, ಕಟಾವು ಮುಗಿಯಲಿ ಎನ್ನುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬ್ಯಾರನ್‌ನಿಂದ ಇಳಿಯಲಿ, ಹರಾಜಾಗಲಿ ಎನ್ನುತ್ತಾರೆ. ಲಾರಿ ಓಡಿಸುವವರು ಈ ಒಂದು ಟ್ರಿಪ್ ಆಗಲಿ ಎನ್ನುತ್ತಾರೆ. ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವವರಿಗೆ ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಇದು ಸೋಮಾರಿತನವಲ್ಲ, ಮನೆ ನಡೆಸುವ ಚಿಂತೆ. ಆದರೆ ಮನೆ ನಡೆಸುವವನೇ ಹಾಸಿಗೆ ಹಿಡಿದರೆ ಹೋಗುವುದು ಒಂದು ದಿನದ ಕೂಲಿಯಲ್ಲ, ವರ್ಷದ ದುಡಿಮೆ.

ಎರಡನೆಯದು, ನೋವು ಹೇಳಿಕೊಂಡರೆ ತಾನು ದುರ್ಬಲನೆಂದು ಜನ ತಿಳಿದಾರು ಎಂಬ ಸಂಕೋಚ. ತಲೆನೋವು ಬಂದರೆ ಮೆಡಿಕಲ್ ಅಂಗಡಿಯ ಮಾತ್ರೆ, ಎದೆಯುರಿ ಬಂದರೆ ಸೋಡಾ, ಕೆಮ್ಮು ಬಂದರೆ ಬೀಡಿಯ ಕೆಮ್ಮೆಂದು ಸಮಾಧಾನ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಹೊತ್ತು ಜ್ವರ, ತೂಕ ಇಳಿಯುವುದು – ಇವು ಇದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಕ್ಷಯ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ಔಷಧಿ ತೆಗೆದುಕೊಂಡರೆ ಗುಣವಾಗುತ್ತದೆ. ಮೈಸೂರಿನ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆಗೆ ರಾಜಮನೆತನದ ಹೆಣ್ಣುಮಗಳೊಬ್ಬರ ಹೆಸರಿದೆ. ಆ ಕಾಲದಲ್ಲಿ ಅರಮನೆಯವರಿಗೂ ಈ ರೋಗಕ್ಕೆ ಔಷಧಿಯಿರಲಿಲ್ಲ. ಇಂದು ಬಡವನಿಗೂ ಉಚಿತವಾಗಿ ಸಿಗುತ್ತದೆ. ಹೀಗಿರುವಾಗ ‘ಆಮೇಲೆ ನೋಡೋಣ’ ಎಂದು ಕೆಮ್ಮುತ್ತಾ ಕೂತರೆ ಅದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೂ ರೋಗ ಹಬ್ಬುತ್ತದೆ.

ಮೂರನೆಯದನ್ನು ಯುನಾನಿ ವೈದ್ಯರು ಹೆಚ್ಚಾಗಿ ನೋಡುತ್ತಾರೆ. ನಲವತ್ತು ದಾಟಿದ ಗಂಡಸು ಯಾರಿಗೂ ಹೇಳದೆ ಒಬ್ಬನೇ ಬರುತ್ತಾನೆ. ಬೇರೆಯವರು ಹೊರಗೆ ಹೋಗುವವರೆಗೆ ಕಾಯುತ್ತಾನೆ. ದಾಂಪತ್ಯದ ದೌರ್ಬಲ್ಯಕ್ಕೆ ಒಳ್ಳೆಯ ಮಾಜೂನ್ ಕೊಡಿ ಎನ್ನುತ್ತಾನೆ. ಅಂಥವರ ರಕ್ತ ಪರೀಕ್ಷೆ ಮಾಡಿಸಿದರೆ ಎಷ್ಟೋ ಸಲ ಸಕ್ಕರೆ ಕಾಯಿಲೆಯೋ ರಕ್ತದ ಒತ್ತಡವೋ ಕಾಣಿಸುತ್ತದೆ. ಈ ದೌರ್ಬಲ್ಯ ರಕ್ತನಾಳಗಳು ಕೆಡುತ್ತಿರುವುದರ ಮೊದಲ ಸೂಚನೆಯೂ ಆಗಿರಬಹುದು. ಹೃದಯದ ರಕ್ತನಾಳಕ್ಕೂ ಅದೇ ಗತಿ ಬರುವ ಮೊದಲು ಸಿಗುವ ಎಚ್ಚರಿಕೆ ಅದು. ರಸ್ತೆಬದಿಯ ಗುಡಾರದಲ್ಲಿ ‘ಗುಪ್ತ ರೋಗ’ದ ಬೋರ್ಡು ನೋಡಿ ಹೋದವನಿಗೆ ಈ ಎಚ್ಚರಿಕೆ ಸಿಗುವುದಿಲ್ಲ. ಅಲ್ಲಿ ಕೊಡುವ ಭಸ್ಮಗಳನ್ನು ಸರಿಯಾಗಿ ಶುದ್ಧಿ ಮಾಡಿರದಿದ್ದರೆ ಸೀಸ, ಪಾದರಸ ದೇಹ ಸೇರಿ ಮೂತ್ರಪಿಂಡಕ್ಕೆ ಹಾನಿ. ಕುಶ್ತಾ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಯುನಾನಿ ಔಷಧಿಯಾಗುವುದಿಲ್ಲ. ನೋಂದಾಯಿತ ವೈದ್ಯರು ಬರೆದುಕೊಟ್ಟಿದ್ದನ್ನು ಮಾತ್ರ ತೆಗೆದುಕೊಳ್ಳಿ.

ನಾಲ್ಕನೆಯದು, ಸ್ವಲ್ಪ ಗುಣವಾದ ಕೂಡಲೇ ಔಷಧಿ ನಿಲ್ಲಿಸುವುದು. ಬಿ.ಪಿ. ಮಾತ್ರೆ ತಿಂದು ತಲೆಸುತ್ತು ನಿಂತಿತು, ಇನ್ಯಾಕೆ ಮಾತ್ರೆ ಎಂದು ತಾನೇ ತೀರ್ಮಾನಿಸುತ್ತಾನೆ. ಮಾತ್ರೆ ತಿಂದದ್ದರಿಂದಲೇ ಒತ್ತಡ ಇಳಿದಿದೆ ಎಂಬುದು ಮರೆತುಹೋಗುತ್ತದೆ. ಲಕ್ವಾ ಹೊಡೆದು ಬರುವವರಲ್ಲಿ ಹೀಗೆ ಮಾತ್ರೆ ಬಿಟ್ಟವರು ಬಹಳ ಮಂದಿ. ಬಿ.ಪಿ., ಸಕ್ಕರೆಯ ಮಾತ್ರೆಯನ್ನು ಕಡಿಮೆ ಮಾಡುವುದಾಗಲಿ ನಿಲ್ಲಿಸುವುದಾಗಲಿ ಬರೆದುಕೊಟ್ಟ ವೈದ್ಯರನ್ನು ಕೇಳಿಯೇ ಆಗಬೇಕು. ಯುನಾನಿ ಔಷಧಿ ಶುರು ಮಾಡಿದ್ದೇನೆಂದು ಇಂಗ್ಲಿಷ್ ಮಾತ್ರೆಯನ್ನು ತಾನಾಗಿ ಬಿಡುವುದೂ ಅಷ್ಟೇ ಅಪಾಯ.

ಹೆಂಗಸರು ಯಾಕೆ ಮುಚ್ಚಿಡುತ್ತಾರೆ?

ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಕಾಯಿಲೆಯಲ್ಲೂ ಕೊನೆಯವಳಾಗುತ್ತಾಳೆ. ಮಗುವಿಗೆ ಜ್ವರ ಬಂದರೆ ಅದೇ ದಿನ ಓಡುತ್ತಾಳೆ. ಅತ್ತೆಯ ಮಾತ್ರೆ ಮುಗಿಯುವ ಮೊದಲೇ ನೆನಪಿಸುತ್ತಾಳೆ. ತನ್ನ ಸುಸ್ತಿಗೆ ಮಾತ್ರ ದಿನ ಗೊತ್ತಿಲ್ಲ. ಗಂಡ ಜೊತೆಗೆ ಬಂದರೆ ‘ಡಾಕ್ಟ್ರೇ, ಇವಳಿಗೆ ತಲೆ ಸುತ್ತುತ್ತಂತೆ’ ಎಂದು ಅವನೇ ಹೇಳುತ್ತಾನೆ. ಅವಳು ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿರುತ್ತಾಳೆ. ಎಷ್ಟು ದಿನದಿಂದ, ಮುಟ್ಟು ಎಷ್ಟು ದಿನ ಇರುತ್ತದೆ, ಬಿಳಿ ಸೆರಗು ಇದೆಯೇ ಎಂದು ಕೇಳಿದರೆ ಗಂಡನಿಗೆ ಗೊತ್ತಿಲ್ಲ, ಅವನ ಮುಂದೆ ಹೇಳಲು ಅವಳಿಗೆ ನಾಚಿಕೆ. ಬೇರೆಯವರ ಬಾಯಿಂದ ಬಂದ ನೋವಿಗೆ ಸರಿಯಾದ ಔಷಧಿ ಕೊಡುವುದು ಕಷ್ಟ.

ಇದರ ಪರಿಣಾಮ ಅಂಕಿಅಂಶಗಳಲ್ಲೂ ಕಾಣುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ನಮ್ಮ ಕರ್ನಾಟಕದಲ್ಲೂ ಸುಮಾರು ಅರ್ಧದಷ್ಟು ಮಹಿಳೆಯರಿಗೆ ರಕ್ತ ಕಡಿಮೆ. ಸುಸ್ತು, ಎದೆ ಡವಡವ, ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಮಣ್ಣು ಸೀಮೆಸುಣ್ಣ ತಿನ್ನಬೇಕೆನಿಸುವುದು – ಇವೆಲ್ಲ ಅದರ ಲಕ್ಷಣ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು, ಗರ್ಭಿಣಿಗೆ 11ಕ್ಕಿಂತ ಇಳಿಯಬಾರದು. ಪರೀಕ್ಷೆಗೆ ಒಂದು ಹನಿ ರಕ್ತ ಸಾಕು. ಶರ್ಬತ್ ಫೌಲಾದ್ ಆಗಲಿ ಸರ್ಕಾರಿ ಆಸ್ಪತ್ರೆಯ ಕಬ್ಬಿಣದ ಮಾತ್ರೆಯಾಗಲಿ, ಪರೀಕ್ಷೆಯ ನಂತರವೇ ತೆಗೆದುಕೊಳ್ಳಿ. ಮಾತ್ರೆಯ ಜೊತೆ ಚಹಾ ಬೇಡ, ನಿಂಬೆರಸ ಒಳ್ಳೆಯದು.

ದೂರವೂ ಹೆಂಗಸರನ್ನು ತಡೆಯುತ್ತದೆ. ದೆಹಲಿಯ ಏಮ್ಸ್ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ 2016ರಲ್ಲಿ ಆದ ಸುಮಾರು 23 ಲಕ್ಷ ಭೇಟಿಗಳ ದಾಖಲೆಯನ್ನು ಸಂಶೋಧಕರು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದರು. ನೂರು ಮಹಿಳೆಯರಿಗೆ ಸುಮಾರು 170 ಗಂಡಸರು ಬಂದಿದ್ದರು. ಊರು ದೂರವಾದಷ್ಟೂ ಮಹಿಳೆಯರು ಇನ್ನೂ ಕಡಿಮೆ. ನಮ್ಮಲ್ಲೂ ಹಾಗೆಯೇ. ಊರಿನ ಆಸ್ಪತ್ರೆಯಲ್ಲಿ ಹೆಂಗಸರ ಸಾಲು ಉದ್ದ. ‘ಕೆ.ಆರ್. ನಗರಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿ’ ಎಂದರೆ ಅರ್ಧ ಮಂದಿ ಹಿಂದೆ ಸರಿಯುತ್ತಾರೆ. ‘ಮೈಸೂರಿಗೆ ಹೋಗಿ’ ಎಂದರೆ ಉಳಿದವರಲ್ಲೂ ಅನೇಕರು ಚೀಟಿಯನ್ನು ಮನೆಯ ಗೂಡಿನಲ್ಲಿ ಇಡುತ್ತಾರೆ.

ಕೊಡುವ ಸರದಿ ಬಂದಾಗ ಮಾತ್ರ ಹೆಂಗಸು ಮೊದಲಿಗಳು. ದೇಶದಲ್ಲಿ 1995ರಿಂದ 2021ರವರೆಗೆ ನಡೆದ ಅಂಗಾಂಗ ಕಸಿಗಳ ಲೆಕ್ಕದಲ್ಲಿ ಅಂಗ ಪಡೆದ ಐವರಲ್ಲಿ ಸುಮಾರು ನಾಲ್ವರು ಗಂಡಸರು. ಬದುಕಿರುವಾಗಲೇ ಅಂಗ ದಾನ ಮಾಡಿದವರಲ್ಲಿ ಹೆಚ್ಚಿನವರು ಹೆಂಗಸರು: ತಾಯಿ, ಹೆಂಡತಿ, ಅಕ್ಕ. ಗಂಡನಿಗಾಗಿ ಮೂತ್ರಪಿಂಡ ಕೊಡಲು ಒಂದೇ ಮಾತಿಗೆ ಒಪ್ಪುವವಳು ತನಗೆ ಒಂದು ಸ್ಕ್ಯಾನ್ ಮಾಡಿಸಿಕೊಳ್ಳಲು ಆರು ತಿಂಗಳು ಯೋಚಿಸುತ್ತಾಳೆ. ಅವಳ ತ್ಯಾಗವನ್ನು ಹೊಗಳಿದರೆ ಸಾಲದು, ಅವಳ ಸ್ಕ್ಯಾನ್‌ಗೆ ದಿನ ಗೊತ್ತುಮಾಡಬೇಕು.

ನೋವಿಲ್ಲದ ಗಂಟಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸ್ತನದಲ್ಲಿ ಗಂಟು, ತೊಟ್ಟಿನಿಂದ ರಕ್ತ, ಚರ್ಮ ಒಳಕ್ಕೆ ಸೆಳೆದಂತಾಗುವುದು, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ – ಇವು ನೋಯುವುದಿಲ್ಲವೆಂದು ಬಿಡುವವರಿದ್ದಾರೆ. ಕ್ಯಾನ್ಸರ್‌ನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಇಂಥ ಗಂಟಿಗೆ ಲೇಪ ಹಚ್ಚಿ ಕಾಯಬೇಡಿ. ಯುನಾನಿಯಿರಲಿ ಬೇರೆ ಯಾವುದೇ ಪದ್ಧತಿಯಿರಲಿ, ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ.

ಎದೆಗೆ ಬಂದಾಗ

ಹೃದಯಾಘಾತದಲ್ಲಿ ಈ ವ್ಯತ್ಯಾಸ ಜೀವವನ್ನೇ ತೆಗೆಯಬಹುದು. ಗಂಡಸಿಗೆ ಎದೆ ನಡುವೆ ಬಿಗಿತ, ಎಡಗೈಗೆ ಎಳೆತ, ಬೆವರು ಬಂದರೆ ಮನೆಯವರೆಲ್ಲ ಗಾಬರಿಯಾಗಿ ಗಾಡಿ ಹುಡುಕುತ್ತಾರೆ. ಅವನು ಮಾತ್ರ ‘ಗ್ಯಾಸ್ಟ್ರಿಕ್ಕು, ಸ್ವಲ್ಪ ಹೊತ್ತು ಮಲಗುತ್ತೇನೆ’ ಎನ್ನುತ್ತಾನೆ. ಹೆಂಗಸಿಗೂ ಎದೆನೋವು ಬರುತ್ತದೆ. ಆದರೆ ಅವಳಲ್ಲಿ ಏದುಸಿರು, ವಾಕರಿಕೆ, ದವಡೆ ಕತ್ತು ಬೆನ್ನಿನ ನೋವು, ಹಿಂದೆಂದೂ ಇರದ ಸುಸ್ತು ಗಂಡಸರಿಗಿಂತ ಹೆಚ್ಚಾಗಿ ಕಾಣುತ್ತವೆ. ಮನೆಯವರು ‘ಕೆಲಸ ಜಾಸ್ತಿಯಾಯಿತು’ ಎನ್ನುತ್ತಾರೆ. ಅವಳೂ ಅದನ್ನೇ ನಂಬುತ್ತಾಳೆ. ಅವನು ಒಪ್ಪುವುದಿಲ್ಲ, ಅವಳಿಗೆ ತಿಳಿಯುವುದೇ ಇಲ್ಲ.

ಸಕ್ಕರೆ ಕಾಯಿಲೆ ಇರುವ, ಐವತ್ತರ ಸುಮಾರಿನ ಹೆಂಗಸಿಗೆ ಇದ್ದಕ್ಕಿದ್ದಂತೆ ಇಂಥ ಲಕ್ಷಣ ಬಂದರೆ ಇ.ಸಿ.ಜಿ. ಮಾಡಿಸಬೇಕು. ಮೊದಲ ಒಂದು ಗಂಟೆ ಬಹಳ ಅಮೂಲ್ಯ. ಆ ಹೊತ್ತಿನಲ್ಲಿ ಹಕೀಮರ ಬಳಿಗಾಗಲಿ ಮೆಡಿಕಲ್ ಅಂಗಡಿಗಾಗಲಿ ಹೋಗಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ. ತಾಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ನೋಡಿ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡಲು ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿದೆ. ಮುಂದಿನ ಚಿಕಿತ್ಸೆಗೆ ಮೈಸೂರಿನಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಗಂಡ ಪೇಟೆಯಿಂದ ಬರಲಿ, ಮಗ ಫೋನ್ ತೆಗೆಯಲಿ ಎಂದು ಕಾಯುವ ಹೊತ್ತಲ್ಲ ಅದು.

‘ಒಂದೇ ಸಲ ತೆಗೆಸಿಬಿಡೋಣ’

ತಡ ಮಾಡಿದವರು ಕೊನೆಗೆ ಆತುರ ಮಾಡುತ್ತಾರೆ. ಗರ್ಭಕೋಶದ ಆಪರೇಷನ್‌ನಲ್ಲಿ ಇದು ಎದ್ದು ಕಾಣುತ್ತದೆ. ವರ್ಷಗಟ್ಟಲೆ ಬಿಳಿ ಸೆರಗು, ಹೆಚ್ಚು ಮುಟ್ಟು, ಸೊಂಟನೋವು ಸಹಿಸಿದವಳಿಗೆ ಪದೇ ಪದೇ ಆಸ್ಪತ್ರೆಗೆ ಬರಲು ಹಣವಿಲ್ಲ, ಬಿಡುವಿಲ್ಲ, ಕರೆತರುವವರಿಲ್ಲ. ‘ಗರ್ಭಕೋಶ ತೆಗೆಸಿಬಿಡಿ, ಮುಂದೆ ಕ್ಯಾನ್ಸರ್ ಆದೀತು’ ಎಂದು ಯಾರಾದರೂ ಹೆದರಿಸಿದರೆ ‘ಹಾಗಿದ್ದರೆ ಒಂದೇ ಸಲ ಮುಗಿಯಲಿ’ ಎಂದು ಒಪ್ಪಿಬಿಡುತ್ತಾಳೆ. ನಮ್ಮ ರಾಜ್ಯದಲ್ಲೇ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ, ಕಲಬುರಗಿ ಜಿಲ್ಲೆಯಲ್ಲಿ ಬಡ ಮಹಿಳೆಯರಿಗೆ ಅಗತ್ಯವಿಲ್ಲದೆ ಗರ್ಭಕೋಶ ತೆಗೆದ ದೂರುಗಳು ಎದ್ದು ತನಿಖೆಯವರೆಗೆ ಹೋದವು. ಅವರಲ್ಲಿ ತಾಂಡಾಗಳ ಎಳೆಯ ವಯಸ್ಸಿನ ಹೆಣ್ಣುಮಕ್ಕಳು ಅನೇಕರು.

ಈ ಆಪರೇಷನ್ ಕೆಲವರಿಗೆ ನಿಜವಾಗಿ ಬೇಕಾಗುತ್ತದೆ, ಜೀವ ಉಳಿಸುತ್ತದೆ. ಆದರೆ ಬರಿಯ ಬಿಳಿ ಸೆರಗಿಗೆ ಅದು ಚಿಕಿತ್ಸೆಯಲ್ಲ. ಹೆಚ್ಚಿನ ಸಲ ಸೋಂಕಿಗೆ ಔಷಧಿ ಸಾಕು. ಹೆಚ್ಚು ಮುಟ್ಟಿಗೂ ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಮುಂತಾದ ದಾರಿಗಳಿವೆ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಅಂಡಾಶಯಗಳನ್ನೂ ತೆಗೆದರೆ ಮೂಳೆ ಬೇಗ ಸವೆಯುತ್ತದೆ, ಹೃದಯದ ಕಾಯಿಲೆಯ ಸಂಭವ ಹೆಚ್ಚುತ್ತದೆ. ಆದ್ದರಿಂದ ತುರ್ತು ರಕ್ತಸ್ರಾವ ಇಲ್ಲದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ. ಮೈಸೂರಿನ ಸರ್ಕಾರಿ ಚೆಲುವಾಂಬ ಆಸ್ಪತ್ರೆ ಹೆಂಗಸರು ಮಕ್ಕಳಿಗಾಗಿಯೇ ಇದೆ.

ಒಪ್ಪಿಗೆಯ ಸಹಿ ಯಾರದು?

ಆಪರೇಷನ್ ಕಾಗದಕ್ಕೆ ಗಂಡನೋ ಮಾವನೋ ಸಹಿ ಹಾಕಬೇಕೆಂಬ ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕಾನೂನು ಹಾಗೆ ಹೇಳುವುದಿಲ್ಲ. 18 ವರ್ಷ ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ರೋಗಿಯ ಒಪ್ಪಿಗೆಯೇ ಒಪ್ಪಿಗೆ, ಅವರು ಗಂಡಸಾಗಲಿ ಹೆಂಗಸಾಗಲಿ. ಒಬ್ಬ ಮಹಿಳೆಯನ್ನು ಪರೀಕ್ಷೆಗೆಂದು ಅರಿವಳಿಕೆಯಲ್ಲಿ ಮಲಗಿಸಿ, ಹೊರಗಿದ್ದ ತಾಯಿಯನ್ನು ಕೇಳಿ ಗರ್ಭಕೋಶ ಅಂಡಾಶಯ ತೆಗೆದುಹಾಕಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಜೀವಕ್ಕೆ ಅಪಾಯವಿಲ್ಲದಿರುವಾಗ ರೋಗಿಗೆ ಎಚ್ಚರವಾಗುವವರೆಗೆ ಕಾದು ಅವಳನ್ನೇ ಕೇಳಬೇಕಿತ್ತು, ತಾಯಿಯ ಒಪ್ಪಿಗೆ ಸಾಲದು ಎಂಬುದು ಅದರ ಸಾರ. ಏನು ಕಾಯಿಲೆ, ಏನು ಮಾಡುತ್ತಾರೆ, ಅಪಾಯವೇನು, ಬೇರೆ ದಾರಿಯೇನು ಎಂದು ರೋಗಿಗೆ ಅರ್ಥವಾಗುವಂತೆ ತಿಳಿಸಬೇಕೆಂದೂ ನ್ಯಾಯಾಲಯ ಹೇಳಿತು.

ಇದರರ್ಥ ಗಂಡ ಹೊರಗೆ ನಿಲ್ಲಬೇಕೆಂದಲ್ಲ. ಅವನು ಜೊತೆಗಿದ್ದು ಕೇಳಲಿ, ಸಲಹೆ ಕೊಡಲಿ, ಧೈರ್ಯ ಹೇಳಲಿ. ಆದರೆ ಅವಳ ದೇಹದ ಬಗ್ಗೆ ಅವಳಿಗೆ ತಿಳಿಯದೆ ತೀರ್ಮಾನ ಆಗಬಾರದು. ಗಂಡನಿಗೆ ಸ್ಟೆಂಟ್ ಹಾಕುವಾಗ ಅವನ ಅಣ್ಣತಮ್ಮಂದಿರು ಹೊರಗೇ ಮಾತು ಮುಗಿಸಿ, ‘ಅವನಿಗೆ ಹೇಳಬೇಡಿ’ ಎನ್ನುವುದೂ ಸರಿಯಲ್ಲ.

ಪರ್ದಾ ಮತ್ತು ಮಹಿಳಾ ವೈದ್ಯರು

‘ಲೇಡಿ ಡಾಕ್ಟರ್ ಇದ್ದರೆ ಹೋಗುತ್ತೇನೆ’ ಎಂಬುದು ನಮ್ಮ ಹೆಣ್ಣುಮಕ್ಕಳ ನ್ಯಾಯವಾದ ಬೇಡಿಕೆ. ಹಿಂದಿನವರೂ ಇದನ್ನು ಅರಿತಿದ್ದರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಜನ ‘ಮಿಷನ್ ಆಸ್ಪತ್ರೆ’ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ ಶುರುವಾದದ್ದು ಹೆಂಗಸರು ಮಕ್ಕಳಿಗಾಗಿ. ದೆಹಲಿಯಲ್ಲಿ ಹಕೀಮ್ ಅಜ್ಮಲ್ ಖಾನ್ 1909ರಲ್ಲಿ ಹೆಂಗಸರಿಗೆ ವೈದ್ಯ ಕಲಿಸುವ ಜನಾನಾ ಮದರಸಾ ತೆರೆದರು. ಹೆಂಗಸು ಬಾಯಿಬಿಟ್ಟು ನೋವು ಹೇಳಿಕೊಳ್ಳಲು ಹೆಂಗಸೇ ಬೇಕೆಂಬುದು ಅವರ ವಿಚಾರವಾಗಿತ್ತು. ಇಂದು ನಮ್ಮ ಹೆಣ್ಣುಮಕ್ಕಳನ್ನು ವೈದ್ಯಕೀಯ, ನರ್ಸಿಂಗ್ ಓದಿಸಿದರೆ ನಾಳೆ ಈ ಕೊರತೆ ನೀಗುತ್ತದೆ.

ಆದರೆ ಮಹಿಳಾ ವೈದ್ಯರು ಸಿಗಲಿಲ್ಲವೆಂದು ಚಿಕಿತ್ಸೆಯನ್ನೇ ಬಿಡುವಂತಿಲ್ಲ. ಅಗತ್ಯವಿರುವಾಗ ಪುರುಷ ವೈದ್ಯರು ಪರೀಕ್ಷಿಸಬಹುದೆಂದು ಉಲಮಾಗಳು ಸ್ಪಷ್ಟವಾಗಿ ಹೇಳಿದ್ದಾರೆ. ಪ್ರವಾದಿವರ್ಯರ(ಸ) ಕಾಲದಲ್ಲಿ ಯುದ್ಧದಲ್ಲಿ ಗಾಯಗೊಂಡ ಗಂಡಸರಿಗೆ ರುಫೈದಾ(ರ) ಅವರು ಶುಶ್ರೂಷೆ ಮಾಡಿದ್ದರು. ಪರೀಕ್ಷೆಯ ವೇಳೆ ತಾಯಿಯೋ ಗಂಡನೋ ನರ್ಸೋ ಜೊತೆಯಲ್ಲಿರಬೇಕೆಂದು ಕೇಳಿಕೊಳ್ಳಿ, ಅದು ನಿಮ್ಮ ಹಕ್ಕು. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಸಂಕೋಚಕ್ಕೆ ಇಷ್ಟು ಬೆಲೆ ಕೊಡಬಾರದು.

ರಮಝಾನ್‌ನಲ್ಲಿ ಇಬ್ಬರೂ ಮಾಡುವ ತಪ್ಪು

ಸಕ್ಕರೆ ಕಾಯಿಲೆಯ ಗಂಡಸು ವೈದ್ಯರನ್ನು ಕೇಳದೆ ಬೆಳಗಿನ ಇನ್ಸುಲಿನ್ ಅನ್ನು ತಾನೇ ಬಿಡುತ್ತಾನೆ, ಇಲ್ಲವೇ ಅಷ್ಟೇ ಪ್ರಮಾಣ ತೆಗೆದುಕೊಂಡು ಉಪವಾಸ ಹಿಡಿಯುತ್ತಾನೆ. ಗರ್ಭಿಣಿ, ಹಾಲುಣಿಸುವ ತಾಯಿ ತಲೆಸುತ್ತು ಬಂದರೂ ‘ಎಲ್ಲರೂ ಹಿಡಿದಿದ್ದಾರೆ’ ಎಂದು ಯಾರಿಗೂ ಹೇಳುವುದಿಲ್ಲ. ರೋಗಿಗಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವವರಿಗೆ ಶರೀಅತ್ ರಿಯಾಯಿತಿ ಕೊಟ್ಟಿದೆ. ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಉಪವಾಸ ಹಿಡಿಯಬಹುದೇ, ಮಾತ್ರೆ ಎಷ್ಟು, ಯಾವಾಗ ಎಂದು ಕೇಳಿ. ಉಪವಾಸದಲ್ಲಿ ಬೆರಳಿನ ರಕ್ತ ಪರೀಕ್ಷಿಸಿಕೊಳ್ಳಬಹುದು. ಸಕ್ಕರೆ 70ಕ್ಕಿಂತ ಇಳಿದರೆ, ಕೈಕಾಲು ನಡುಗಿ ಬೆವರಿದರೆ ಕೂಡಲೇ ಉಪವಾಸ ಬಿಡಬೇಕು.

ಮನೆಯಲ್ಲಿ ಜಾರಿಗೆ ತರಬೇಕಾದ ಕೆಲವು ಮಾತುಗಳು

1. ಗಂಡಸಿನ ‘ಆಮೇಲೆ’ಗೆ ತಾರೀಖು ಹಾಕಿ. ‘ಕಟಾವಾದ ಮೇಲೆ’ ಎಂದರೆ ಒಪ್ಪಬೇಡಿ. ‘ಈ ಸೋಮವಾರ’ ಎಂದು ಗೊತ್ತುಮಾಡಿ ಹೆಂಡತಿಯೋ ಮಗಳೋ ಜೊತೆಗೆ ಹೋಗಲಿ. ಎಷ್ಟೋ ಗಂಡಸರು ಬದುಕಿ ಉಳಿದಿರುವುದು ಮನೆಯವರ ಒತ್ತಾಯದಿಂದ.

2. ಹೆಂಗಸಿನ ‘ನನಗೇನಾಗಿಲ್ಲ’ವನ್ನು ನಂಬಬೇಡಿ. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿ. ಮೂವತ್ತು ದಾಟಿದ ಗಂಡ ಹೆಂಡತಿ ಇಬ್ಬರೂ ಒಂದೇ ದಿನ ಮಾಡಿಸಿಕೊಂಡರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

3. ವೈದ್ಯರ ಮುಂದೆ ರೋಗಿಯೇ ಮೊದಲು ಮಾತಾಡಲಿ. ಜೊತೆಗಿರುವವರು ಆಮೇಲೆ ಸೇರಿಸಲಿ. ಹೆಂಗಸರಿಗೆ ಎರಡು ನಿಮಿಷ ಒಂಟಿಯಾಗಿ ಮಾತಾಡಲು ಅವಕಾಶ ಕೊಡಿ. ಗಂಡಸರ ಜೊತೆ ಹೆಂಡತಿ ಇರಲಿ. ಅವನು ಮುಚ್ಚಿಡುವ ಬೀಡಿ, ಬಿಟ್ಟ ಮಾತ್ರೆ, ರಾತ್ರಿಯ ಏದುಸಿರು ಅವಳಿಗೆ ಗೊತ್ತಿರುತ್ತದೆ.

4. ದೊಡ್ಡ ಚಿಕಿತ್ಸೆಗೆ ಒಪ್ಪುವ ಮೊದಲು ಐದು ಪ್ರಶ್ನೆ ಕೇಳಿ. ನನಗಿರುವ ಕಾಯಿಲೆ ಯಾವುದು? ಇದನ್ನು ಮಾಡದಿದ್ದರೆ ಏನಾಗುತ್ತದೆ? ಬೇರೆ ದಾರಿ ಇದೆಯೇ? ಎಷ್ಟು ದಿನ ಕಾಯಬಹುದು? ಖರ್ಚೆಷ್ಟು, ಸರ್ಕಾರಿ ಯೋಜನೆಯಲ್ಲಿ ಬರುತ್ತದೆಯೇ?

5. ಹಣದ ನೆಪ ಬೇಡ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದ್ದಕ್ಕೆ ಅವರೇ ಚೀಟಿ ಬರೆದು ಕಳಿಸುತ್ತಾರೆ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಉಚಿತ. ಅದೇ ವರ್ಷ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಬರುತ್ತದೆ. ಆ ಹಣದಲ್ಲಿ ಸ್ವಲ್ಪವಾದರೂ ಅವಳ ಔಷಧಿಗೆ ಮೀಸಲಿರಲಿ.

6. ಕೆಲವು ಲಕ್ಷಣಗಳಿಗೆ ಯಾರ ಅನುಮತಿಯೂ ಬೇಡ. ಎದೆನೋವು, ಇದ್ದಕ್ಕಿದ್ದಂತೆ ಏದುಸಿರು, ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಬೀಳುವುದು, ಮಾತು ತೊದಲುವುದು, ಗರ್ಭಿಣಿಗೆ ರಕ್ತಸ್ರಾವ ಅಥವಾ ಫಿಟ್ಸ್, ಮಗು ಹೊಟ್ಟೆಯಲ್ಲಿ ಅಲುಗಾಡದಿರುವುದು – ಇವುಗಳಲ್ಲಿ ಯಾವುದು ಕಂಡರೂ ಮನೆಯಲ್ಲಿ ಯಾರಿದ್ದಾರೋ ಅವರೇ 108ಕ್ಕೆ ಕರೆ ಮಾಡಲಿ. ಸೊಸೆಯಾಗಲಿ, ಹತ್ತು ವರ್ಷದ ಮಗನಾಗಲಿ, ಯಾರು ಮಾಡಿದರೂ ಸರಿ. ಗಂಡನಿಗೆ ಫೋನ್ ಆಮೇಲೆ.

7. ಚೀಟಿ, ರಕ್ತ ಪರೀಕ್ಷೆಯ ವರದಿ, ಸ್ಕ್ಯಾನ್ ಎಲ್ಲವನ್ನೂ ಒಬ್ಬೊಬ್ಬರಿಗೆ ಒಂದೊಂದು ಚೀಲದಲ್ಲಿ ಇಡಿ. ಅಮ್ಮಿಯ ಹೆಸರಿನಲ್ಲೂ ಒಂದು ಚೀಲ ಇರಲಿ. ಎಷ್ಟೋ ಮನೆಗಳಲ್ಲಿ ಅವಳ ಹೆಸರಿನ ಚೀಲವೇ ಇರುವುದಿಲ್ಲ.

ದೇಹ ಅಲ್ಲಾಹನು ಕೊಟ್ಟ ಅಮಾನತ್. ಗಂಡಸು ಕೆಲಸದ ನೆಪದಲ್ಲಿ, ಹೆಂಗಸು ಮನೆಯ ನೆಪದಲ್ಲಿ ಅದನ್ನು ಕಡೆಗಣಿಸಬಾರದು. ಈ ಪುಟ ಓದಿ ಮುಗಿಸಿದ ಮೇಲೆ ಮನೆಯಲ್ಲಿ ಇಬ್ಬರನ್ನು ಕೇಳಿ. ದುಡಿಯುವ ಗಂಡಸನ್ನು ‘ಯಾವ ನೋವನ್ನು ಮುಂದೂಡಿದ್ದೀರಿ?’ ಎಂದು ಕೇಳಿ. ಅಡುಗೆಮನೆಯಲ್ಲಿರುವವಳನ್ನು ‘ಯಾವ ನೋವನ್ನು ಮುಚ್ಚಿಟ್ಟಿದ್ದೀಯ?’ ಎಂದು ಕೇಳಿ. ಇಬ್ಬರ ಉತ್ತರವನ್ನೂ ಒಂದು ಕಾಗದದಲ್ಲಿ ಬರೆದುಕೊಂಡು ಈ ವಾರವೇ ಹತ್ತಿರದ ವೈದ್ಯರ ಬಳಿಗೆ ಹೋಗಿ.